ಹಸು ಮೇದ ಮೇಲಿನ ಹುಲ್ಲು

"ಗುರುಗಳೇ, ಎರಡು ಜೀವಗಳಿಗೆ ಒಂದೇ ಆಹಾರವಿದ್ದರೆ, ಒಂದು ಇನ್ನೊಂದನ್ನು ದೂರ ಮಾಡುವುದು ಸೃಷ್ಟಿಯ ನಿಯಮವಲ್ಲವೇ?"

ಸೋಮಲಿಂಗ ಹೀಗೆ ಕೇಳಿದ್ದು ಬೆಳಗಿನ ಪಾಠ ಮುಗಿದ ಮೇಲೆ, ಮಠದ ಜಗಲಿಯಲ್ಲಿ. ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಕೈ ಕಟ್ಟಿಕೊಂಡು ಉಪದೇಶ ಮಾಡುವುದು ಅವರಿಗೆ ಬರುತ್ತಿರಲಿಲ್ಲ. ಏನಾದರೂ ಒಂದು ಕೆಲಸ ಕೈಯಲ್ಲಿರಬೇಕು.

"ಎಲ್ಲಿ ನೋಡಿದೆ ಆ ನಿಯಮವನ್ನು?" ಎಂದರು.

"ಎಲ್ಲ ಕಡೆ. ಗೋಡೆಯ ಪೊಟರೆಗಾಗಿ ಎರಡು ಜೋಡಿ ಗೊರವಂಕಗಳು ದಿನವೂ ಕಚ್ಚಾಡುತ್ತವೆ. ಕಳೆ ಕೀಳದಿದ್ದರೆ ರಾಗಿ ಸೊರಗುತ್ತದೆ. ನಾಯಿ ಆರು ಮರಿ ಹಾಕಿದರೆ, ಬಲವಾದ ಮರಿ ಉಳಿದವನ್ನು ಮೊಲೆಯಿಂದ ದೂಡುತ್ತದೆ."

"ಗೊರವಂಕ, ರಾಗಿ, ನಾಯಿಮರಿ," ಎಂದು ಗುರುಗಳು ಮೂರು ಬೀಜಗಳನ್ನು ಎಣಿಸಿಟ್ಟರು. "ಇಷ್ಟೇನಾ? ಇನ್ನೊಂದು ಯಾವುದೋ ಜೀವವನ್ನು ಬಿಟ್ಟ ಹಾಗಿದೆ."

ಸೋಮಲಿಂಗ ತಲೆ ತಗ್ಗಿಸಿದ.

ಅವನು ಬಿಟ್ಟ ಜೀವದ ಹೆಸರು ವೀರಾಚಾರಿ. ನಲವತ್ತು ದಾಟಿದ ಬಡಗಿ. ಮೂರು ತಿಂಗಳ ಹಿಂದೆ ಉಳಿ, ಬಾಚಿ ಎಲ್ಲವನ್ನೂ ತಮ್ಮನಿಗೆ ಕೊಟ್ಟು, ಸಾಯುವುದರೊಳಗೆ ನಾಲ್ಕು ಒಳ್ಳೆಯ ಮಾತು ಅರ್ಥಮಾಡಿಕೊಳ್ಳಬೇಕೆಂದು ಮಠಕ್ಕೆ ಬಂದಿದ್ದ. ಅದಕ್ಕೆ ಮೊದಲು ಆರು ವರ್ಷ ಸೋಮಲಿಂಗನೊಬ್ಬನೇ ಶಿಷ್ಯ. ಪಾಠಕ್ಕಿದ್ದದ್ದು ಪೂಜೆಗೂ ಊಟಕ್ಕೂ ನಡುವಿನ ಒಂದು ಗಂಟೆ. ಗುರುಗಳಿಗೆ ವಯಸ್ಸಾಗಿತ್ತು, ಅದಕ್ಕಿಂತ ಹೆಚ್ಚು ಹೊತ್ತು ಪಾಠ ಹೇಳಲು ಆಗುತ್ತಿರಲಿಲ್ಲ. ಆ ಒಂದು ಗಂಟೆಯಲ್ಲಿ ಬಡಗಿ ಪ್ರಶ್ನೆ ಕೇಳುತ್ತಿದ್ದ. ಈ ಶಬ್ದಕ್ಕೆ ಏನರ್ಥ, ನಿನ್ನೆ ಹಾಗೆ ಹೇಳಿ ಇವತ್ತು ಹೀಗೇಕೆ ಹೇಳಿದಿರಿ, ಇದು ನನ್ನಂಥವನ ತಲೆಗೆ ಹೋಗುವುದಿಲ್ಲ, ಇನ್ನೊಂದು ಸಲ ಹೇಳಿ. ಅವನಿಗೆ ಕೇಳಲು ನಾಚಿಕೆಯೇ ಇರಲಿಲ್ಲ.

ಸೋಮಲಿಂಗ ಆರು ವರ್ಷದಲ್ಲಿ ಒಮ್ಮೆಯೂ ಹಾಗೆ ಕೇಳಿದವನಲ್ಲ. ಗೊತ್ತಿಲ್ಲದ್ದು ಬಂದಾಗ ಗೊತ್ತಿದ್ದವನ ಹಾಗೆ ತಲೆಯಾಡಿಸಿಬಿಡುತ್ತಿದ್ದ. ಈಗ ಬಡಗಿ ಏನಾದರೂ ಕೇಳಿದಾಗಲೆಲ್ಲ ಇವನ ಕಿವಿಯೂ ನೆಟ್ಟಗಾಗುತ್ತಿತ್ತು. ಅದು ಗುರುಗಳ ಕಣ್ಣಿಗೆ ಬಿದ್ದಿತ್ತು, ಅವನ ಗಮನಕ್ಕೆ ಬಂದಿರಲಿಲ್ಲ.

ಹಿಂದಿನ ದಿನ ಬಾವಿಯ ಹತ್ತಿರ ಅವನು ಬಡಗಿಗೆ ಒಂದು ಮಾತು ಆಡಿದ್ದ. "ಆಚಾರ್ರೇ, ನೀವು ಕೇಳಿ ಮುಗಿಸೋ ಹೊತ್ತಿಗೆ ನನಗೆ ಉಳಿಯೋದು ಊಟದ ಗಂಟೆ ಮಾತ್ರ." ಬಡಗಿ ನಕ್ಕು ಕೊಡ ಎತ್ತಿಕೊಂಡು ಹೋಗಿದ್ದ. ಇವತ್ತಿನ ಪಾಠದಲ್ಲಿ ಅವನು ಒಂದೂ ಪ್ರಶ್ನೆ ಕೇಳಿರಲಿಲ್ಲ. ಸೋಮಲಿಂಗನಿಗೆ ಅದರಿಂದ ಸಮಾಧಾನವಾಗಬೇಕಿತ್ತು, ಯಾಕೋ ಆಗಿರಲಿಲ್ಲ.

ಗುರುಗಳಿಗೆ ಈ ಶಿಷ್ಯನ ಮೇಲೆ ತುಂಬ ಪ್ರೀತಿ. ಆದ್ದರಿಂದ ಬೈಯಲಿಲ್ಲ. "ಕೂತುಕೋ," ಎಂದು ಅವನ ಮುಂದೆಯೂ ಒಂದು ಹಿಡಿ ಹುಣಸೆಹಣ್ಣು ಇಟ್ಟು, ಕತೆ ಹೇಳಿದರು.

ಒಂದು ಊರು. ಊರ ಪಕ್ಕ ಒಂದು ಕಾವಲು. ಕಾವಲು ಎಂದರೆ ಗೊತ್ತಲ್ಲ, ಯಾರೂ ಉಳದೆ ಬಿತ್ತದೆ ದನಕುರಿಗಳಿಗೆಂದೇ ಬಿಟ್ಟ ಹುಲ್ಲುಬಯಲು. ಆ ಕಾವಲಿಗೆ ಹಿಂದಿನಿಂದ ಬಂದ ಒಂದು ಕ್ರಮವಿತ್ತು. ಮಳೆ ಬಿದ್ದು ಹುಲ್ಲು ಮೊಣಕಾಲುದ್ದ ಬಂದಾಗ ಮೊದಲು ಹಸುಗಳು ಇಳಿಯಬೇಕು. ಅವು ಮೇದು ಮುಂದೆ ಹೋದ ಜಾಗಕ್ಕೆ ಎಂಟು ದಿನ ಬಿಟ್ಟು ಕುರಿಗಳು ಇಳಿಯಬೇಕು. ಈ ಕ್ರಮವನ್ನು ಯಾರು ಮಾಡಿದರು, ಏಕೆ ಮಾಡಿದರು ಎಂದು ಹೇಳುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಹಾಗೇ ನಡೆಸಿಕೊಂಡು ಬರುತ್ತಿದ್ದರು.

ಆ ಊರಲ್ಲಿ ಒಬ್ಬ ಕುರಿಗಾಹಿ. ಹೆಸರಿಲ್ಲದಿದ್ದರೆ ನಿನಗೆ ಕತೆ ಹಿಡಿಸುವುದಿಲ್ಲ, ಮೈಲಾರಿ ಎಂದಿಟ್ಟುಕೋ. ಅವನಿಗೆ ನೂರೈವತ್ತು ಕುರಿ, ಒಬ್ಬಳೇ ಮಗಳು. ಮಗಳ ಹೆಸರು ಕೆಂಚಿ. ತಾಯಿಯಿಲ್ಲದ ಕೂಸನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡೇ ಅವನು ಕುರಿ ಕಾದಿದ್ದ. ಆ ಕೂಸು ಬೆಳೆದು ದೊಡ್ಡವಳಾಗಿ, ಈಗ ಮದುವೆ ಗೊತ್ತಾಗಿತ್ತು. ಮಾಘ ಮಾಸದಲ್ಲಿ ಧಾರೆ.

ಅವರ ಮನೆತನದಲ್ಲಿ ಮದುಮಕ್ಕಳನ್ನು ಕರಿ ಕಂಬಳಿಯ ಮೇಲೆ ಕೂರಿಸುತ್ತಾರೆ. ಆ ಕಂಬಳಿಯ ಉಣ್ಣೆ ಹೆಣ್ಣಿನ ಮನೆಯ ಮಂದೆಯದೇ ಆಗಬೇಕು. ಅದರಲ್ಲೂ ಆ ವರ್ಷದ ಮರಿಗಳ ಮೊದಲ ಕತ್ತರಿಯ ಉಣ್ಣೆ. ಕೆಂಚಿ ತಾನೇ ಹನ್ನೆರಡು ಕಪ್ಪು ಮರಿಗಳನ್ನು ಆರಿಸಿದ್ದಳು. ಅದರಲ್ಲಿ ತೀರ ಕಪ್ಪಾಗಿದ್ದ ಒಂದಕ್ಕೆ ಕಾಡಿಗೆ ಎಂದು ಹೆಸರಿಟ್ಟಿದ್ದಳು. ಮಗಳ ಮದುವೆಗೆ ತಾನು ಕೊಡಬಲ್ಲದ್ದು ಈ ಒಂದು ಕಂಬಳಿ ಎಂದು ಮೈಲಾರಿಗೆ ಅನಿಸಿತ್ತು. ಆ ಹನ್ನೆರಡು ಮರಿಗಳ ಮೈಯಲ್ಲಿ ಉಣ್ಣೆ ಉದ್ದಕ್ಕೆ ಬೆಳೆಯಬೇಕು. ಅದಕ್ಕೆ ಅವು ಹೊಟ್ಟೆ ತುಂಬ ಮೇಯಬೇಕು.

ಹಸುಗಳು ಓಬಜ್ಜಿಯವು. ಊರಲ್ಲಿ ಹಸು ಕಟ್ಟಿದವಳು ಅವಳೊಬ್ಬಳೇ. ಒಂಬತ್ತು ಹಸು, ಒಂಬತ್ತಕ್ಕೂ ಹೆಸರು. ಆ ವರ್ಷ ಮುಂಗಾರು ಬಿದ್ದು ಹುಲ್ಲು ಚಿಗುರಿದಾಗ ಮೈಲಾರಿ ಅವಳ ಕೊಟ್ಟಿಗೆಯ ಮುಂದೆ ಹೋಗಿ ನಿಂತ.

"ಅಜ್ಜೀ, ವರ್ಷಾ ವರ್ಷಾ ನಿನ್ನ ದನ ಮೇದು ಬಿಟ್ಟಿದ್ದನ್ನೇ ನನ್ನ ಕುರಿ ತಿನ್ನಬೇಕು. ಈ ಸಲ ಮಗಳ ಕಂಬಳಿಗೆ ಅಂತ ಮರಿ ಸಾಕ್ತಾ ಇದೀನಿ. ಅವುಕ್ಕೂ ಎಂಜಲೇ ಹಾಕ್ಲಾ?"

ಓಬಜ್ಜಿ ಕೋಲು ಊರಿಕೊಂಡು ಹೊರಗೆ ಬಂದಳು.

"ಕೆಂಚಿ ಮದುವೆ ಅಂದ್ರೆ ನನಗೇನು ಬ್ಯಾರೇನಾ? ಆಗ್ಲಿ ಬಿಡಪ್ಪ. ಈ ಮಳೆಗಾಲ ನಾನು ಹಳ್ಳದ ಆಚೆ ಹೊಡ್ಕೊಂಡು ಹೋಗ್ತೀನಿ."

ಮೈಲಾರಿ ಜಗಳಕ್ಕೆ ಸಿದ್ಧನಾಗಿ ಹೋಗಿದ್ದ. ಇನ್ನೂ ಮೂರು ಮಾತು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ. ಹಾಗೆ ಹೋದವನಿಗೆ ಜಗಳ ಸಿಗದಿದ್ದರೆ ಪೆಚ್ಚಾಗುತ್ತದೆ. ಮನೆಗೆ ಬಂದು, ಎಲ್ಲ ಸರಿಹೋಯಿತು ಎಂದು ಮಗಳಿಗೆ ಹೇಳಿದ. ಕೆಂಚಿ ಕೈಗೂಸಾಗಿದ್ದಾಗ ಕುಡಿದದ್ದು ಓಬಜ್ಜಿಯ ಹಸುವಿನ ಹಾಲು. ಅದು ಅವನಿಗೆ ಅಂದು ನೆನಪಾಗಲಿಲ್ಲ. ಬೇಕಾದದ್ದನ್ನು ಮರೆಯುವುದರಲ್ಲಿ ನಾವೆಲ್ಲ ಗಟ್ಟಿಗರೇ.

ಮಾರನೆಯ ದಿನ ಓಬಜ್ಜಿ ಒಂಬತ್ತು ಹಸುಗಳನ್ನು ಹೊಡೆದುಕೊಂಡು ಹಳ್ಳ ದಾಟಿದಳು. ಇಡೀ ಕಾವಲು ಮೈಲಾರಿಯದಾಯಿತು.

ಮೊದಲ ತಿಂಗಳು ಅವನಿಗೆ ಹಬ್ಬ. ಹುಲ್ಲು ಮೊಣಕಾಲಿಗೆ ಬಂತು, ತೊಡೆಗೆ ಬಂತು, ಸೊಂಟಕ್ಕೆ ಬಂತು. ಅಷ್ಟು ಹುಲ್ಲನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬದುವಿನ ಮೇಲೆ ನಿಂತು ನೋಡಿ, ಇಷ್ಟೂ ನಮ್ಮ ಮರಿಗಳಿಗೇ ಎಂದು ಹಿಗ್ಗಿದ.

ಆದರೆ ಕುರಿ ಸೊಂಟದೆತ್ತರದ ಹುಲ್ಲು ಮೇಯುವುದಿಲ್ಲ. ಅದರ ಬಾಯಿ ನೆಲಕ್ಕೆ ಹತ್ತಿರ. ಅದಕ್ಕೆ ಬೇಕಾದದ್ದು ಬೆರಳುದ್ದದ ಎಳೆ ಚಿಗುರು. ಹಸು ನಾಲಿಗೆಯಿಂದ ಸುತ್ತಿ ಉದ್ದದ ಹುಲ್ಲನ್ನು ಸೆಳೆದುಕೊಳ್ಳುತ್ತದೆ, ಬುಡವನ್ನು ಬಿಡುತ್ತದೆ. ಎಂಟು ದಿನಕ್ಕೆ ಆ ಬುಡ ಮತ್ತೆ ಚಿಗುರುತ್ತದೆ. ಮೈಲಾರಿ ಎಂಜಲೆಂದು ಕರೆದದ್ದು ಆ ಚಿಗುರನ್ನು. ಇಪ್ಪತ್ತೈದು ವರ್ಷ ಕುರಿ ಕಾದ ಅವನಿಗೆ ಕುರಿಯ ಬಾಯಿ ಚೆನ್ನಾಗಿ ಗೊತ್ತಿತ್ತು. ಹಸುವಿನ ಬಾಯಿಯನ್ನು ಅವನು ಒಮ್ಮೆಯೂ ಕೂತು ನೋಡಿರಲಿಲ್ಲ.

"ಹುಲ್ಲು ಕೊಯ್ಯಬಹುದಿತ್ತಲ್ಲ, ಗುರುಗಳೇ?" ಎಂದ ಸೋಮಲಿಂಗ.

ಕೊಯ್ದನಪ್ಪ. ಆರು ದಿನ ಕೊಯ್ದ. ಇವತ್ತು ಕೊಯ್ದದ್ದು ಇನ್ನೊಮ್ಮೆ ಚಿಗುರುವುದರೊಳಗೆ ಉಳಿದ ಬಯಲೆಲ್ಲ ಇನ್ನೊಂದು ಗೇಣು ಎದ್ದಿರುತ್ತಿತ್ತು. ಒಂಬತ್ತು ಹಸುಗಳು ಮಾತಿಲ್ಲದೆ ಮಾಡುತ್ತಿದ್ದ ಕೆಲಸ ಅದು. ಒಬ್ಬನ ಕುಡುಗೋಲಿಗೆ ಎಟುಕುವುದೇ? ಸೊಂಟ ಹಿಡಿದುಕೊಂಡಿತು, ಏಳನೆಯ ದಿನ ಮಲಗಿದ.

ಕುರಿಗಳು ಬಯಲಿನ ಅಂಚಿನಲ್ಲಿ, ದಾರಿಯ ಬದಿಯಲ್ಲಿ, ಕಲ್ಲುಗಳ ಸಂದಿಯಲ್ಲಿ ಚಿಗುರು ಹುಡುಕಿಕೊಂಡು ತಿಂದವು. ಎದುರಿಗೆ ಸಮುದ್ರದ ಹಾಗೆ ಹುಲ್ಲು. ಮರಿಗಳಿಗೆ ಹೊಟ್ಟೆ ತುಂಬಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಆ ಕಾವಲಿನಲ್ಲಿ ಒಂದು ಜಾತಿಯ ಹುಲ್ಲಿತ್ತು. ಎಳೆಯದಾಗಿದ್ದಾಗ ಹಸುಗಳಿಗೆ ಪ್ರಾಣ. ಬಲಿತು ತೆನೆ ಬಿಟ್ಟರೆ ಅದರ ಒಂದೊಂದು ಬೀಜಕ್ಕೂ ಸೂಜಿಯಂಥ ಮೊನೆ, ಹಿಂದೆ ಉದ್ದನೆಯ ಬಾಲ. ಇಬ್ಬನಿಗೆ ನೆನೆದರೆ ಆ ಬಾಲ ತಾನಾಗಿಯೇ ತಿರುಚಿಕೊಳ್ಳುತ್ತದೆ. ತಿರುಚಿದಷ್ಟೂ ಸೂಜಿ ಒಳಕ್ಕೆ ಹೋಗುತ್ತದೆ. ನೆಲಕ್ಕೆ ಬಿದ್ದರೆ ನೆಲದೊಳಕ್ಕೆ, ಉಣ್ಣೆಗೆ ಬಿದ್ದರೆ ಉಣ್ಣೆಯೊಳಕ್ಕೆ, ಅಲ್ಲಿಂದ ಚರ್ಮದೊಳಕ್ಕೆ. ಪ್ರತಿ ವರ್ಷ ಅದು ತೆನೆ ಬಿಡುವ ಮೊದಲೇ ಹಸುಗಳು ತಿಂದು ಮುಗಿಸುತ್ತಿದ್ದವು. ಆದ್ದರಿಂದ ಮೈಲಾರಿಗೆ ಅದರ ಸೂಜಿ ಹೇಗಿರುತ್ತದೆಂದೇ ಗೊತ್ತಿರಲಿಲ್ಲ.

ಆ ವರ್ಷ ಇಡೀ ಬಯಲು ತೆನೆ ಬಿಟ್ಟಿತು. ಕಾರ್ತಿಕದಲ್ಲಿ ಇಬ್ಬನಿ ಬೀಳತೊಡಗಿತು.

ಮೊದಲು ಮರಿಗಳು ಕುಂಟಿದವು. ಆಮೇಲೆ ಮೈಯನ್ನು ಗೋಡೆಗೆ ಉಜ್ಜಿದವು. ಆಮೇಲೆ ಮುಟ್ಟಿದರೆ ಅರಚಿದವು. ಮೈಲಾರಿ ಕಾಡಿಗೆಯ ಉಣ್ಣೆಯನ್ನು ಬಿಡಿಸಿ ನೋಡಿದ. ಬುಡದಲ್ಲಿ ಸೂಜಿಗಳು ಒತ್ತೊತ್ತಾಗಿ ನೆಟ್ಟಿದ್ದವು. ಚರ್ಮ ಕೀವು ಕಟ್ಟಿತ್ತು. ಕೆಂಚಿ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದಾಗಿ ಕೀಳತೊಡಗಿದಳು. ದಿನಕ್ಕೆ ಒಂದು ಮರಿ ಮುಗಿಯುತ್ತಿತ್ತು, ಅಷ್ಟರಲ್ಲಿ ಮೊದಲ ಮರಿಗೆ ಮತ್ತೆ ಚುಚ್ಚಿಕೊಂಡಿರುತ್ತಿತ್ತು. ನಾಲ್ಕನೆಯ ದಿನ ಕಾಡಿಗೆ ಸತ್ತಿತು.

ಕೆಂಚಿ ಅದರ ಮೈ ಸವರುತ್ತಾ ತಂದೆಗೆ ಹೇಳಿದಳು.

"ಅಪ್ಪಯ್ಯ, ನನಗೆ ಕಂಬಳಿ ಬ್ಯಾಡ. ಬರೀ ನೆಲದ ಮೇಲೆ ಕುಂತ್ಕೊಂತೀನಿ. ಇವು ಹನ್ನೊಂದನ್ನಾದ್ರೂ ಉಳಿಸು."

ಮಗಳಿಗಾಗಿ ಮಾಡಿದ್ದನ್ನು ಮಗಳೇ ಬೇಡವೆಂದರೆ ತಂದೆಗೆ ಹೇಗಾಗುತ್ತದೆ, ನನಗೆ ಹೇಳಲು ಬರುವುದಿಲ್ಲ. ಮೈಲಾರಿ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದ. ನೆಟ್ಟಗೆ ಹಳ್ಳದ ಕಡೆ ನಡೆದ. ದಾರಿಯಲ್ಲಿ ಅವನಿಗೆ ಆ ಹಾಲಿನ ವಿಷಯ ನೆನಪಾಯಿತು. ಹದಿನೆಂಟು ವರ್ಷದ ಹಿಂದೆ ಹಾಲಿಗೆಂದು ಕೈಯಲ್ಲಿ ಲೋಟ ಹಿಡಿದು ಅದೇ ಅಜ್ಜಿಯ ಮುಂದೆ ನಿಂತಿದ್ದ. ಆದರೂ ನಡೆದ.

ಹಳ್ಳದ ಆಚೆ ನೆಲವೆಲ್ಲ ಕುರುಚಲು ಗಿಡ. ಓಬಜ್ಜಿಯ ಹಸುಗಳ ಪಕ್ಕೆಲುಬು ಕಾಣುತ್ತಿತ್ತು. ಅವಳು ಅವನನ್ನು ನೋಡಿ ಕೇಳಿದ ಮೊದಲ ಮಾತು, "ಕೆಂಚಿ ಮರಿಗಳು ಹೆಂಗಿದಾವಪ್ಪ?"

ಮೈಲಾರಿ ಅಂಗೈ ಚಾಚಿ ತೋರಿಸಿದ. ಅಂಗೈಯಲ್ಲಿ, ಬೆರಳ ಸಂದಿಯಲ್ಲಿ ಮುರಿದ ಸೂಜಿಗಳು. ಓಬಜ್ಜಿ ಅವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಉಗುರಿನಿಂದ ಒಂದೊಂದನ್ನೇ ಕಿತ್ತಳು.

"ತಪ್ಪಾಯ್ತಜ್ಜಿ. ನಿನ್ನ ಹಸು ನನ್ನ ಕುರಿ ಬಾಯಿಂದ ಕಸ್ಕೊಂತಾವೆ ಅಂದ್ಕೊಂಡಿದ್ದೆ."

"ನನಗೆ ಮಾತ್ರ ತಿಳಿದಿತ್ತಾ?" ಎಂದಳು ಓಬಜ್ಜಿ. "ಇಲ್ಲಿಗೆ ಬಂದ ಮೇಲೆ ನನಗೂ ತಿಳೀತು. ನನ್ನ ಹಸು ಮುಟ್ಟದ ಸೊಪ್ಪು ಸದೆನೆಲ್ಲ ಅಲ್ಲಿ ನಿನ್ನ ಕುರಿ ತಿಂದು ತೆಗೀತಿದ್ವು. ಹುಲ್ಲಿಗೆ ಜಾಗ ಆಗ್ತಿತ್ತು. ಇಲ್ಲಿ ಯಾವ ಕುರಿನೂ ಬಂದಿಲ್ಲ. ನೋಡು, ಬರೀ ಗಿಡ."

ಆಮೇಲೆ ಅಜ್ಜಿ ಕೋಲೂರಿ ಎದ್ದು ಹಸುಗಳನ್ನು ಹೆಸರು ಹಿಡಿದು ಕರೆದಳು.

ಹಸುಗಳು ಕಾವಲಿಗೆ ಇಳಿದವು. ಬಲಿತ ಹುಲ್ಲು ಅವಕ್ಕೂ ರುಚಿಸಲಿಲ್ಲ. ಆದರೂ ಆದಷ್ಟು ತಿಂದವು, ಉಳಿದದ್ದನ್ನು ತುಳಿದು ಮಲಗಿಸಿದವು. ಅಷ್ಟು ದಿನ ಮೈಲಾರಿ ಮಂದೆಯನ್ನು ಆ ಕಡೆಗೆ ಬಿಡಲಿಲ್ಲ. ಮರದ ಸೊಪ್ಪು ಕಡಿದು ಹಾಕಿ ಸಾಕಿದ. ದೇವರು ದೊಡ್ಡವನು, ಹಿಂಗಾರಿನ ಕೊನೆಯ ಮಳೆ ಒಂದು ಹೊಡೆಯಿತು. ಹಸು ಮೇದ ಜಾಗದಲ್ಲಿ ಬೆರಳುದ್ದ ಚಿಗುರು ಬಂತು. ಕುರಿಗಳು ಇಳಿದು, ತಲೆ ಎತ್ತದೆ ಮೇದವು. ಹನ್ನೊಂದು ಮರಿಗಳಲ್ಲಿ ಒಂಬತ್ತು ಉಳಿದವು.

ಉಣ್ಣೆಯನ್ನೇನೋ ಕತ್ತರಿಸಿದರು. ಆದರೆ ಅದರ ತುಂಬ ಸೂಜಿ. ನೂಲುವವರು ಬೆರಳಿಗೆ ಚುಚ್ಚುತ್ತದೆಂದು ಹಿಂದಕ್ಕೆ ಕಳಿಸಿದರು. ಆಗ ಓಬಜ್ಜಿ ಬೇವಿನ ಮರದ ಕೆಳಗೆ ಗೋಣಿತಾಟು ಹಾಸಿಕೊಂಡು ಕೂತಳು. ಅವಳ ಪಕ್ಕ ಕೆಂಚಿ, ಕೆಂಚಿಯ ಪಕ್ಕ ಮೈಲಾರಿ. ಹದಿನೈದು ದಿನ ಮೂವರೂ ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸಿ ಸೂಜಿ ತೆಗೆದರು. ಅಜ್ಜಿಗೆ ಕಣ್ಣು ಮಂದ. ಅವಳು ಬೆರಳಿಗೆ ಚುಚ್ಚಿಸಿಕೊಂಡೇ ಸೂಜಿ ಎಲ್ಲಿದೆಯೆಂದು ತಿಳಿಯುತ್ತಿದ್ದಳು. ಸಾಕು ಬಿಡಜ್ಜಿ ಎಂದರೆ ಕೇಳಲಿಲ್ಲ. "ಕುಂಡ್ರೋ ಹುಡುಗಿಗೆ ಚುಚ್ಚಬಾರ್ದು," ಎನ್ನುತ್ತಿದ್ದಳು.

ಒಳ್ಳೆಯ ಉಣ್ಣೆ ಉಳಿದದ್ದು ಅರ್ಧ. ಕಂಬಳಿಯೂ ಅರ್ಧವೇ ಆಯಿತು. ಮಾಘದಲ್ಲಿ ಮದುವೆ ನಡೆಯಿತು. ಅಗಲ ಸಾಲದೆ ಮದುಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡೇ ಕೂರಬೇಕಾಯಿತು. ಅದರಿಂದ ಅವರಿಬ್ಬರಿಗೂ ಏನೂ ತೊಂದರೆಯಾದಂತೆ ಕಾಣಲಿಲ್ಲ. ಊರವರು ನಗಾಡಿದರು. ಮೈಲಾರಿ ಮಾತ್ರ ಒಂದು ಕಡೆ ನಿಂತು ಅತ್ತ. ಅಕ್ಷತೆ ಹಾಕುವಾಗ ಮೊದಲ ಕೈ ಓಬಜ್ಜಿಯದು.

ಗುರುಗಳು ಕತೆ ಮುಗಿಸಿ ಬೀಜದ ರಾಶಿಯನ್ನು ಒಂದು ಕಡೆ ಸರಿಸಿದರು.

ಸೋಮಲಿಂಗ ತನ್ನ ಮುಂದಿದ್ದ ಹುಣಸೆಹಣ್ಣನ್ನು ಮುಟ್ಟಿಯೇ ಇರಲಿಲ್ಲ. ಗುರುಗಳನ್ನು ಕೇಳಿದ.

"ಹಾಗಾದರೆ ಗೊರವಂಕಗಳು ಕಚ್ಚಾಡುವುದು ಸುಳ್ಳೇ?"

"ಸುಳ್ಳು ಯಾಕಾಗುತ್ತದೆ? ಆ ಮಂದೆಯಲ್ಲೇ ಎರಡು ಟಗರುಗಳಿದ್ದವು, ದಿನ ಬೆಳಗಾದರೆ ಗುದ್ದಾಟ. ಬಿಡಿಸಲು ಹೋಗಿ ಮೈಲಾರಿ ಒಂದು ಹಲ್ಲು ಕಳೆದುಕೊಂಡಿದ್ದ. ಒಂದೇ ಪೊಟರೆ, ಒಂದೇ ಮೊಲೆ ಇದ್ದಲ್ಲಿ ಕಚ್ಚಾಟ ಇದ್ದೇ ಇರುತ್ತದೆ. ಆದರೆ ನಿನ್ನ ಬಯಲಿಗೆ ಇನ್ನೊಂದು ಬಾಯಿ ಬಂತೆಂದು ಕೂಗುವ ಮೊದಲು, ಅದು ಯಾವ ಎತ್ತರದಲ್ಲಿ ಮೇಯುತ್ತಿದೆ ಎಂದು ಒಂದು ದಿನ ಕೂತು ನೋಡಬೇಕು. ಮೈಲಾರಿ ಇಪ್ಪತ್ತೈದು ವರ್ಷ ನೋಡಲಿಲ್ಲ. ನೀನು ನೋಡದೆ ಇದ್ದದ್ದು ಬರೀ ಮೂರು ತಿಂಗಳು, ಅಷ್ಟೇ."

ಸೋಮಲಿಂಗನ ಮುಖ ಕೆಂಪಾಯಿತು. ಬಡಗಿ ಕೇಳಿದ ಪ್ರಶ್ನೆಗಳು ಒಂದೊಂದಾಗಿ ನೆನಪಿಗೆ ಬಂದವು. ಅವುಗಳ ಉತ್ತರಗಳೂ ಬಂದವು. ಆರು ವರ್ಷ ತಲೆಯಾಡಿಸಿ ದಾಟಿಸಿದ್ದೆಲ್ಲ ಈ ಮೂರು ತಿಂಗಳಲ್ಲಿ ತನಗೆ ಯಾವಾಗ ತಿಳಿಯಿತೆಂದು ಅವನಿಗೇ ಆಶ್ಚರ್ಯವಾಯಿತು.

"ಆ ಕುರಿಗಾಹಿ ಪುಣ್ಯವಂತ, ಗುರುಗಳೇ," ಎಂದ ಮೆಲ್ಲಗೆ. "ಕರೆಯಲು ಹೋದಾಗ ಅಜ್ಜಿ ಹಳ್ಳದ ಆಚೆಯೇ ಸಿಕ್ಕಳು. ನನ್ನ ಮಾತು ಕೇಳಿದ ಆಚಾರ್ರು ಹಾಗೆ ಸಿಗುತ್ತಾರೋ ಇಲ್ಲವೋ."

ಗುರುಗಳು ಕೈಗಂಟಿದ ಹುಣಸೆಯನ್ನು ಒರೆಸಿಕೊಂಡು, ಶಿಷ್ಯನ ಬೆನ್ನ ಮೇಲೆ ಕೈಯಿಟ್ಟರು.

"ಹಾಗಾದರೆ ನೀನೂ ಬೇಗ ಏಳು ಮಗು, ನಿನ್ನ ಪಾಠ ಕಡಿಮೆಯಾಗಬಾರದೆಂದು ಬಡಗಿ ಊರಿಗೆ ಹೊರಡಲು ಹಿತ್ತಲಲ್ಲಿ ಗಂಟು ಕಟ್ಟುತ್ತಿದ್ದಾನೆ."